ಕಾರ್ಬನ್ ಫೈಬರ್‌ಗೆ 3.2 ಮಿ.ಮೀ. ಕಾರ್ಬೈಡ್ ಡ್ಯಾಗರ್ ಬಿಟ್: ಎರಡು ವರ್ಷ ಬಳಸಿದ ಮೇಲೆ

ಡ್ರೋನ್ ಫ್ರೇಮ್‌ಗಳನ್ನು ಮನೆಯಲ್ಲೇ ಮಾಡಿಕೊಳ್ಳುತ್ತೇನೆ. 4 ಮಿ.ಮೀ. ದಪ್ಪದ ಕಾರ್ಬನ್ ಫೈಬರ್ ಹಾಳೆ, ಅದರಲ್ಲಿ ಎಂ3 (3 ಮಿ.ಮೀ. ದಪ್ಪದ) ಸ್ಕ್ರೂಗಳಿಗೆ ತೂತು. ಮೊದಲ ವರ್ಷವೆಲ್ಲ ಮಾಮೂಲಿ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್ ಎಂಬ ಉಕ್ಕಿನ) ಡ್ರಿಲ್ ಬಿಟ್‌ನಲ್ಲೇ ಕೊರೆದೆ. ಹತ್ತು ಹದಿನೈದು ತೂತು ಚೆನ್ನಾಗಿ ಬರುತ್ತಿದ್ದವು, ಆಮೇಲೆ ಹಾಳೆಯ ಕೆಳಮುಖದಲ್ಲಿ ನಾರು ಕಿತ್ತು ಬ್ರಷ್‌ನಂತೆ ನಿಲ್ಲುತ್ತಿತ್ತು. ಕಾರ್ಬನ್ ನಾರು ಉಕ್ಕಿನ ಅಂಚನ್ನು ಸಾಣೆ ಕಲ್ಲಿನ ಹಾಗೆ ತೇಯುತ್ತದೆ. ಮೊಂಡಾದ ಬಿಟ್ ನಾರನ್ನು ಕತ್ತರಿಸುವುದಿಲ್ಲ, ಮುಂದಕ್ಕೆ ತಳ್ಳುತ್ತದೆ. ಕೊನೆಯ ಒಂದೆರಡು ಪದರಗಳಿಗೆ ಕೆಳಗೆ ಆಸರೆಯೇ ಇರದ ಕಾರಣ ಅವು ಬಿಟ್ಟುಕೊಂಡು ಹೊರಬರುತ್ತವೆ. ಮೋಟಾರು ಕೂರುವ ಜಾಗದಲ್ಲಿ ಹೀಗಾದರೆ ಫ್ರೇಮ್‌ನ ಆ ತೋಳನ್ನು ನಾನು ಬಳಸುವುದೇ ಇಲ್ಲ.

ಆಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ ಈ ಡ್ಯಾಗರ್ ಬಿಟ್ ತಂದೆ. ಪೂರ್ತಿ ಕಾರ್ಬೈಡ್ (ಉಕ್ಕಿಗಿಂತ ಬಹಳ ಗಟ್ಟಿಯಾದ ವಸ್ತು), ಮೇಲೆ ಲೇಪನವಿಲ್ಲ. ಎಚ್‌ಎಸ್‌ಎಸ್‌ಗಿಂತ ಬೆಲೆ ಎಷ್ಟೋ ಪಟ್ಟು ಹೆಚ್ಚು. ತುದಿ ಕಠಾರಿಯ ಹಾಗೆ ಉದ್ದಕ್ಕೆ ಚೂಪಾಗಿದೆ. ಮೊದಲು ಸಣ್ಣದಾಗಿ ಒಳಹೊಕ್ಕು, ತೂತನ್ನು ನಿಧಾನವಾಗಿ ಅಗಲ ಮಾಡುತ್ತ ಹೋಗುವುದರಿಂದ ಕೆಳಪದರದ ಮೇಲೆ ಒಮ್ಮೆಲೇ ಒತ್ತಡ ಬೀಳುವುದಿಲ್ಲ. ವ್ಯತ್ಯಾಸ ಮೊದಲ ತೂತಿನಲ್ಲೇ ಕಂಡಿತು. ಬೆರಳಾಡಿಸಿದರೆ ಅಂಚು ನುಣುಪು, ಒಂದು ನಾರೂ ಚುಚ್ಚಲಿಲ್ಲ.

ಆದರೆ ಮೊದಲ ಬಿಟ್ ನನ್ನ ಕೈಯಲ್ಲಿ ಒಂದು ವಾರವೂ ಬಾಳಲಿಲ್ಲ. ಅವಸರದಲ್ಲಿ ಹ್ಯಾಂಡ್ ಡ್ರಿಲ್‌ಗೆ ಹಾಕಿದೆ, ಕೈ ಒಂದಿಷ್ಟು ವಾಲಿತು, ಪಟ್ಟನೆ ಮುರಿಯಿತು. ಕಾರ್ಬೈಡ್ ಗಟ್ಟಿ, ಆದರೆ ಬಾಗುವ ಗುಣ ಅದಕ್ಕಿಲ್ಲ. ಡ್ರಿಲ್ ಪ್ರೆಸ್ (ಬಿಟ್ಟನ್ನು ವಾಲದಂತೆ ನೇರ ಕೆಳಗಿಳಿಸುವ ಸ್ಟ್ಯಾಂಡಿನ ಯಂತ್ರ) ಇಲ್ಲದವರು ಇದನ್ನು ಕೊಳ್ಳಬೇಡಿ, ನಿಜವಾಗಿ ಹೇಳುತ್ತಿದ್ದೇನೆ. ಎರಡನೆಯದನ್ನು ಪ್ರೆಸ್‌ನಲ್ಲಿ ಮಾತ್ರ ಬಳಸಿದ್ದೇನೆ. ಪ್ರೆಸ್‌ನ ಅತಿ ಹೆಚ್ಚು ವೇಗವಾದ 2,800 ಆರ್‌ಪಿಎಂನಲ್ಲಿಟ್ಟು, ಹಿಡಿಯನ್ನು ಹಗುರವಾಗಿ ಇಳಿಸುತ್ತೇನೆ. ಒತ್ತಿದರೆ ಪದರ ಬಿಡುತ್ತದೆ. ಇಳಿಸದೆ ಒಂದೇ ಕಡೆ ತಿರುಗಿಸುತ್ತ ನಿಂತರೂ ಕೆಡುಕೇ, ಬಿಸಿ ಏರಿ ನಾರಿನ ಪದರಗಳನ್ನು ಹಿಡಿದಿಡುವ ಅಂಟಾದ ಎಪಾಕ್ಸಿ ಮೆತ್ತಗಾಗುತ್ತದೆ.

ಬಿಟ್‌ನಷ್ಟೇ ಮುಖ್ಯವಾದದ್ದು ಹಾಳೆಯ ಕೆಳಗಿಡುವ ಪ್ಲೈವುಡ್. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ತಿಂಗಳುಗಳೇ ಬೇಕಾದವು. ಈ ಬಿಟ್‌ನ ತುದಿಯೇ ಸುಮಾರು 6 ಮಿ.ಮೀ. ಉದ್ದ. ಪೂರ್ತಿ ಅಳತೆಯ ತೂತು ಬರಬೇಕಾದರೆ ಆ ತುದಿಯೆಲ್ಲ ಹಾಳೆಯನ್ನು ದಾಟಿ ಇಳಿಯಬೇಕು. ಹಾಗಾಗಿ 12 ಮಿ.ಮೀ. ಪ್ಲೈವುಡ್ ಇಟ್ಟು, ಹಾಳೆಯನ್ನು ಅದಕ್ಕೆ ಬಿಗಿಯಾಗಿ ಕ್ಲಾಂಪ್ ಮಾಡುತ್ತೇನೆ. ಪ್ರತಿ ತೂತಿಗೂ ಪ್ಲೈವುಡ್ ಸರಿಸಿ ಹೊಸ ಜಾಗ ಕೊಡಬೇಕು. ಹಳೆಯ ತೂತಿನ ಮೇಲೆಯೇ ಕೊರೆದರೆ ಆಸರೆ ಇದ್ದೂ ಇಲ್ಲದಂತೆ. ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಗುರುತು ಹಾಕಲು ಅನುಕೂಲ, ಅಂಚಿಗೆ ಅದರಿಂದ ಆಗುವ ಉಪಕಾರ ಕಡಿಮೆ.

ಧೂಳಿನ ಬಗ್ಗೆ ದಯವಿಟ್ಟು ಉದಾಸೀನ ಬೇಡ. ಎನ್95 ಮಾಸ್ಕ್, ಕನ್ನಡಕ, ಬಿಟ್‌ನ ಪಕ್ಕದಲ್ಲೇ ವ್ಯಾಕ್ಯೂಮ್ ಕೊಳವೆ, ಇಷ್ಟಿಲ್ಲದೆ ನಾನು ಸ್ವಿಚ್ ಹಾಕುವುದಿಲ್ಲ. ಧೂಳನ್ನು ಬಾಯಿಂದ ಊದಲೇಬೇಡಿ. ಈ ಧೂಳಿನಲ್ಲಿ ವಿದ್ಯುತ್ ಹರಿಯುತ್ತದೆ ಕೂಡ. ಡ್ರೋನ್‌ನ ಸರ್ಕ್ಯೂಟ್ ಬೋರ್ಡುಗಳನ್ನು ಕಳಚದೆ ಒಂದು ಹೆಚ್ಚುವರಿ ತೂತು ಕೊರೆಯಲು ಹೋಗಿ ಒಂದು ಮೋಟಾರು ಕಂಟ್ರೋಲರ್ ಸುಟ್ಟುಕೊಂಡಿದ್ದೇನೆ.

ಎರಡು ವರ್ಷದಲ್ಲಿ ಈ ಒಂದೇ ಬಿಟ್‌ನಿಂದ ಸುಮಾರು 450 ತೂತು ತೆಗೆದೆ. ಅಲ್ಲಿಗೆ ಕೆಳಮುಖದಲ್ಲಿ ಮತ್ತೆ ನಾರು ಇಣುಕತೊಡಗಿತು. ಡೈಮಂಡ್ ಲೇಪನದ್ದು ಇನ್ನೂ ಹೆಚ್ಚು ಬಾಳುತ್ತದೆ, ಆದರೆ ಸಾಣೆ ಹಿಡಿದರೆ ಆ ಅಂಚಿನ ಲೇಪನ ಹೋಗುತ್ತದೆ. ನನ್ನಷ್ಟು ಕೆಲಸಕ್ಕೆ ಲೇಪನವಿಲ್ಲದ್ದೇ ಸರಿ. ಪೀಣ್ಯದಲ್ಲಿ ಡೈಮಂಡ್ ಚಕ್ರದ ಮೇಲೆ ಸಾಣೆ ಹಿಡಿಸಿಕೊಂಡು ಬಂದೆ. ಬಿಟ್ ಒಂದಿಷ್ಟು ಗಿಡ್ಡವಾಗಿದೆ. ನಿನ್ನೆ ಕೊರೆದ ಎಂಟು ತೂತುಗಳಲ್ಲಿ ಒಂದರ ಅಂಚಿನಲ್ಲೂ ನಾರು ಎದ್ದಿಲ್ಲ.