ಪೆನ್ನು, ಗೆರೆ, ಒಂಟಿಗಾಲು: ಅಮೆರಿಕದ ರಸ್ತೆಬದಿ ಕುಡಿತ ಪರೀಕ್ಷೆಯನ್ನು ಎಷ್ಟು ನಂಬಬಹುದು?

ಯಂತ್ರ ಬೇಡ. ಒಂದು ಪೆನ್ನು, ಕತ್ತಲಾಗಿದ್ದರೆ ಟಾರ್ಚು, ಮಟ್ಟಸವಾದ ನೆಲ. ಕುಡಿದು ಗಾಡಿ ಓಡಿಸುತ್ತಿರುವ ಅನುಮಾನ ಬಂದಾಗ ಅಮೆರಿಕದ ಪೊಲೀಸರು ಚಾಲಕರನ್ನು ಕೆಳಗಿಳಿಸಿ ಮಾಡಿಸುವ ಮೂರು ಪರೀಕ್ಷೆಗಳ ಸೆಟ್ಟಿಗೆ ಬೇಕಾದದ್ದು ಇಷ್ಟೇ. ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ 1970ರ ದಶಕದಲ್ಲಿ ಸಂಶೋಧನೆ ಮಾಡಿಸಿ ಇದನ್ನು ರೂಪಿಸಿತು. ಒಂದು ಸಲಕರಣೆಯೆಂದೇ ಇಟ್ಟುಕೊಂಡು ತೂಗಿದರೆ ಇದರಲ್ಲೊಂದು ವಿಚಿತ್ರ ಕಾಣುತ್ತದೆ: ಮೂರರಲ್ಲಿ ಚೆನ್ನಾಗಿ ಕೆಲಸ ಮಾಡುವುದು ವಿಡಿಯೋದಲ್ಲಿ ಕಾಣುವುದಿಲ್ಲ, ವಿಡಿಯೋದಲ್ಲಿ ಎದ್ದು ಕಾಣುವುದು ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ.

ಮೊದಲನೆಯದು ಕಣ್ಣಿನ ಪರೀಕ್ಷೆ. ಮದ್ಯ ಏರಿದಾಗ ಕಣ್ಣುಗುಡ್ಡೆ ಪಕ್ಕಕ್ಕೆ ಹೊರಳುತ್ತಾ ತಾನಾಗಿ ಅದುರುತ್ತದೆ, ಇದು ನಿಸ್ಟ್ಯಾಗ್ಮಸ್. ಬೇಕೆಂದರೂ ತಡೆಯಲಾಗದು, ಅಭ್ಯಾಸದಿಂದ ಮರೆಮಾಚಲಾಗದು. ಇದರ ಬಲ ಇರುವುದೇ ಅಲ್ಲಿ. ಕನ್ನಡಕ ತೆಗೆಸಿ, ಪೆನ್ನನ್ನು ಮುಖದಿಂದ 12ರಿಂದ 15 ಇಂಚು ದೂರ, ಕಣ್ಣಿನ ಮಟ್ಟಕ್ಕಿಂತ ತುಸು ಮೇಲೆ ಹಿಡಿದು ನಿಧಾನವಾಗಿ ಪಕ್ಕಕ್ಕೆ ಸರಿಸಬೇಕು, ಚಾಲಕರು ಅದನ್ನು ಕಣ್ಣಿನಿಂದಲೇ ಹಿಂಬಾಲಿಸಬೇಕು. ತಲೆ ಅಲುಗಾಡಬಾರದು. ನೋಡುವುದು ಮೂರು: ನೋಟ ನುಣ್ಣಗೆ ಜಾರುತ್ತದೋ ತಡವರಿಸುತ್ತದೋ, ಕಣ್ಣು ಪೂರ್ತಿ ಅಂಚಿಗೆ ಹೋದಾಗ ಕನಿಷ್ಠ 4 ಸೆಕೆಂಡು ಅದುರುತ್ತದೋ, 45 ಡಿಗ್ರಿ ಮುಟ್ಟುವ ಮೊದಲೇ ಅದುರು ಶುರುವಾಗುತ್ತದೋ. ಕಣ್ಣಿಗೆ ಮೂರರಂತೆ ಒಟ್ಟು 6 ಸುಳಿವು. 4 ಕಂಡರೆ ಮಿತಿ ಮೀರಿದ ಲೆಕ್ಕ. ಕೆಡುವುದು ಹೆಚ್ಚಾಗಿ ಅವಸರದಿಂದ. ಪೆನ್ನನ್ನು ಸರಸರ ಓಡಿಸಿದರೆ, ಅಂಚಿನಲ್ಲಿ 4 ಸೆಕೆಂಡು ನಿಲ್ಲಿಸದಿದ್ದರೆ ಅಳತೆಗೆ ಅರ್ಥವಿಲ್ಲ. ಪೊಲೀಸ್ ಕಾರಿನ ಮಿನುಗು ದೀಪಕ್ಕೆ ಮುಖ ಮಾಡಿ ನಿಲ್ಲಿಸುವುದೂ ತಪ್ಪು. ತೊಡಕೆಂದರೆ, ಈ ಸಣ್ಣ ಅದುರುವಿಕೆ ಗಸ್ತು ಕಾರಿನ ಕ್ಯಾಮೆರಾಕ್ಕೆ ಸಿಗುವುದೇ ಅಪರೂಪ. ಕೊನೆಗೆ ಉಳಿಯುವುದು ಅಧಿಕಾರಿಯ ಮಾತು.

ಎರಡನೆಯದು ನಡೆದು ತಿರುಗುವುದು. ಎಡಗಾಲಿನ ಮುಂದೆ ಬಲಗಾಲಿಟ್ಟು, ಹಿಮ್ಮಡಿಗೆ ಬೆರಳು ತಾಗಿಸಿ ನಿಂತೇ ಸೂಚನೆ ಕೇಳಬೇಕು. ಆಮೇಲೆ ಗೆರೆಯ ಮೇಲೆ 9 ಹೆಜ್ಜೆ, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ತಿರುವು, ಮತ್ತೆ 9 ಹೆಜ್ಜೆ. ಕೈ ಪಕ್ಕದಲ್ಲಿ, ಕಣ್ಣು ಪಾದದ ಮೇಲೆ, ಎಣಿಕೆ ಗಟ್ಟಿಯಾಗಿ. ಸುಳಿವು 8, ಆದರೆ 2 ಸಿಕ್ಕರೆ ಸಾಕು. ಹಿಮ್ಮಡಿಗೂ ಬೆರಳಿಗೂ ನಡುವೆ ಅರ್ಧ ಇಂಚು ಬಿಟ್ಟರೆ ಒಂದು, ಕೈ 6 ಇಂಚು ಎದ್ದರೆ ಇನ್ನೊಂದು, ಸೂಚನೆ ಮುಗಿಯುವ ಮೊದಲೇ ಹೊರಟರೆ ಮತ್ತೊಂದು. ಹದಿನೆಂಟು ಹೆಜ್ಜೆಯಲ್ಲಿ ಹದಿನೇಳನ್ನು ನೇರ ಇಟ್ಟದ್ದಕ್ಕೆ ಒಂದಂಕವೂ ಇಲ್ಲ! ನೆಲ ಒಣಗಿರಬೇಕು, ಗಟ್ಟಿಯಾಗಿ, ಜಾರದಂತೆ ಇರಬೇಕು. 2 ಇಂಚಿಗಿಂತ ಎತ್ತರದ ಹಿಮ್ಮಡಿಯ ಚಪ್ಪಲಿ ಇದ್ದರೆ ಕಳಚಲು ಅವಕಾಶ ಕೊಡಬೇಕು. 65 ದಾಟಿದವರು, ಬೆನ್ನು, ಕಾಲು ಅಥವಾ ಒಳಕಿವಿಯ ತೊಂದರೆ ಇರುವವರು ಕುಡಿಯದೆಯೂ ಇಲ್ಲಿ ಎಡವಬಹುದು. ಇಳಿಜಾರಿನ ಜಲ್ಲಿಯ ಮೇಲೆ, ಇಲ್ಲದ ಗೆರೆಯನ್ನು ಊಹಿಸಿಕೊಂಡು ನಡೆಸಿದರೆ ಅಳೆಯುವುದು ಕುಡಿತವನ್ನೋ ಜಲ್ಲಿಯನ್ನೋ ಹೇಳುವುದು ಕಷ್ಟ.

ಒಂಟಿಗಾಲಿನದು ಸರಳ. ಯಾವುದಾದರೊಂದು ಕಾಲನ್ನು ನೆಲದಿಂದ 6 ಇಂಚು ಎತ್ತಿ, ಗಟ್ಟಿಯಾಗಿ ಎಣಿಸುತ್ತಾ 30 ಸೆಕೆಂಡು ನಿಲ್ಲುವುದು. ತೂಗಾಡುವುದು, ಕೈ ಎತ್ತುವುದು, ಕುಪ್ಪಳಿಸುವುದು, ಕಾಲೂರುವುದು, ಈ ನಾಲ್ಕರಲ್ಲಿ 2 ಸಾಕು. ಸಮಯವನ್ನು ಅಧಿಕಾರಿ ಗಡಿಯಾರದಲ್ಲೇ ನೋಡಬೇಕು, ಏಕೆಂದರೆ ಕುಡಿದವರ ಎಣಿಕೆ ನಿಧಾನವಾಗಿಬಿಡಬಹುದು. ಇಪ್ಪತ್ತು ಸೆಕೆಂಡಿಗೇ ನಿಲ್ಲಿಸುವವರು ಪರೀಕ್ಷೆಯ ಮುಖ್ಯ ಭಾಗವನ್ನೇ ಬಿಟ್ಟಂತೆ: ಏರಿದವರೂ 25 ಸೆಕೆಂಡಿನವರೆಗೆ ತಡೆದುಕೊಳ್ಳಬಲ್ಲರು, ಬೀಳುವುದು ಆಮೇಲೆ.

ನಿಖರತೆಯ ಲೆಕ್ಕಕ್ಕೆ ಎಲ್ಲರೂ ತೋರಿಸುವುದು ಸ್ಯಾನ್ ಡಿಯಾಗೋದ 1998ರ ಅಧ್ಯಯನವನ್ನು. ರಕ್ತದಲ್ಲಿ ಮದ್ಯ ಬಹುತೇಕ ರಾಜ್ಯಗಳ ಕಾನೂನು ಮಿತಿಯಾದ 0.08 ಶೇಕಡಾ ಮುಟ್ಟಿದೆಯೇ ಎಂಬ ತೀರ್ಮಾನ ನೂರಕ್ಕೆ ಎಷ್ಟು ಸಲ ಸರಿಯಾಯಿತೆಂದರೆ, ಕಣ್ಣು 88, ಒಂಟಿಗಾಲು 83, ನಡಿಗೆ 79. ಮೂರೂ ಸೇರಿ ನೂರಕ್ಕೆ 91. ಕಣ್ಣಿಗೆ ಕಟ್ಟುವಂತೆ ತೂರಾಡಿ ನಡೆಯುವ ಆ ದೃಶ್ಯವೇ ಪಟ್ಟಿಯ ತಳದಲ್ಲಿದೆ. ಇನ್ನೊಂದು, ಇವು ಅಂದಾಜಿಸುವುದು ರಕ್ತದ ಮದ್ಯದ ಮಟ್ಟವನ್ನು. ಸ್ಟೀರಿಂಗ್ ಹಿಡಿಯುವ ಸಾಮರ್ಥ್ಯವನ್ನಲ್ಲ. ಯೂಟಾ ರಾಜ್ಯದಲ್ಲಿ ಮಿತಿಯೇ 0.05, ಅಲ್ಲಿ 0.08ರ ಈ ಅಂಕಿಗಳನ್ನು ಹಾಗೇ ಎತ್ತಿಕೊಂಡು ಹೋಗಲಾಗದು.

ಅಕ್ಷರಮಾಲೆ ಹೇಳಿಸುವುದು, ಕಣ್ಣು ಮುಚ್ಚಿಸಿ ಮೂಗು ಮುಟ್ಟಿಸುವುದು ಈ ಸೆಟ್ಟಿನವಲ್ಲ, ಮೇಲಿನ ಅಂಕಿಗಳ ಬೆಂಬಲವೂ ಅವಕ್ಕಿಲ್ಲ. ಬಹುತೇಕ ರಾಜ್ಯಗಳಲ್ಲಿ ಈ ಮೂರು ಪರೀಕ್ಷೆಗಳಿಗೆ ಒಲ್ಲೆ ಎಂದರೆ ಅದಕ್ಕೇ ಪ್ರತ್ಯೇಕ ದಂಡವಿಲ್ಲ. ಬಂಧನದ ಬಳಿಕ ಕೇಳುವ ಉಸಿರು ಅಥವಾ ರಕ್ತದ ಪರೀಕ್ಷೆ ಬೇರೆಯೇ ವಿಷಯ. ಅದನ್ನು ನಿರಾಕರಿಸಿದರೆ ಸಾಮಾನ್ಯವಾಗಿ ಲೈಸೆನ್ಸಿಗೇ ಕುತ್ತು.