ಹಳೇ ಟ್ರ್ಯಾಕ್ಟರಿಗೆ ಹಿಂದೆ ತೂಕ ಹಾಕಿ ಜರಿದ ಬರೆ ಮಣ್ಣು ತೆಗೆಯೋರು ದಯವಿಟ್ಟು ಓದಿ

ಮಡಿಕೇರಿ, ಸೋಮವಾರಪೇಟೆ ಕಡೆ ತೋಟ ಇರೋರಿಗೆ ಗೊತ್ತು, ಜುಲೈ-ಆಗಸ್ಟಿನ ಕಕ್ಕಡದ ಮಳೆ ಹಿಡಿದ್ರೆ ಎಲ್ಲಾದ್ರೂ ಒಂದು ಕಡೆ ಬರೆ, ಅಂದ್ರೆ ದಾರಿ ಪಕ್ಕದ ಮಣ್ಣಿನ ದಿಬ್ಬ, ಜರಿದೇ ಜರಿಯುತ್ತೆ. 2018ರ ಆಗಸ್ಟಲ್ಲಿ ಕೊಡಗಿನ ಗುಡ್ಡಗಳು ಕುಸಿದಿದ್ದು ನೋಡಿದ ಮೇಲಂತೂ ದಾರಿ ಮುಚ್ಚಿದ್ರೆ ಮನೇಲಿ ಕೂರೋಕೆ ಭಯ, ಜೆಸಿಬಿ ಕರೆದ್ರೆ ಆ ಟೈಮಲ್ಲಿ ಬರಲ್ಲ, ಅದಕ್ಕೇ ಹೋದ ಮಳೆಗಾಲ ನಮ್ಮ ಹಳೇ 35 ಎಚ್‌ಪಿ ಗಾಡಿನೇ ಇಳಿಸಿದೆ.

ಹಿಂದೆ ಮಣ್ಣು ಎಳೆಯೋ ಬ್ಲೇಡ್ ಕಟ್ಟಿ ಎಳೆದ್ರೆ ಚಕ್ರ ನಿಂತಲ್ಲೇ ತಿರುಗೋದು, ಟೈರಿನ ಹಲ್ಲಿನ ಸಂದೀಲೆಲ್ಲ ಕೆಂಪು ಜೇಡಿ ಮೆತ್ಕೊಂಡು ನುಣ್ಣಗೆ ಆಗಿತ್ತು. ತೂಕ ಸಾಲ್ತಿಲ್ಲ ಅಂತ ಹಿಂದಿನ ಎರಡೂ ಟೈರಿಗೆ ಬಾಯಿ ತನಕ ನೀರು ತುಂಬಿಸಿದೆ, ಸಾಲದು ಅಂತ ಬ್ಲೇಡ್ ಮೇಲೆ ಆರು ಚೀಲ ಮರಳು ಬೇರೆ. ಹಿಡಿತ ಬಂತು, ಅರ್ಧ ಗಂಟೇಲಿ ಮುಕ್ಕಾಲು ಮಣ್ಣು ಹೋಯ್ತು. ಮುಂದೆ ಮಾತ್ರ ಒಂದು ಕೆಜಿನೂ ಹಾಕಿರ್ಲಿಲ್ಲ. ಸ್ಟೇರಿಂಗ್ ಹಗುರ ಆಗಿದ್ದು ಗೊತ್ತಾಗಿತ್ತು, ನಾನೇ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಅಡ್ಡ ಉಳಿದಿದ್ದು ಮಣ್ಣಿನ ಜೊತೆ ದಾರಿಗೆ ಬಿದ್ದಿದ್ದ ಒಂದು ಸಿಲ್ವರ್ ಓಕ್ ಮರ. ಅದಕ್ಕೆ ಕಟ್ಟಿದ ಚೈನ್‌ನ ಗಾಡಿ ಹಿಂದೆ ಮೇಲ್ಗಡೆ ಟಾಪ್ ಲಿಂಕ್ (ಬ್ಲೇಡ್ ಹಿಡಿಯೋ ಮೇಲಿನ ರಾಡ್) ಸಿಗಿಸೋ ಜಾಗಕ್ಕೆ ಹಾಕಿ, ಏರಿಗೆ ಮುಖ ಮಾಡಿ ಫಸ್ಟ್ ಗೇರಲ್ಲಿ ಕ್ಲಚ್ ಬಿಟ್ಟೆ. ಮರ ಅಲ್ಲಾಡಲಿಲ್ಲ, ಮುಂದಿನ ಚಕ್ರ ಎದ್ದುಬಿಡ್ತು. ಬಾನೆಟ್ ಆಚೆ ದಾರಿ ಮಾಯ ಆಗಿ ಬರೀ ಮೋಡ ಕಾಣ್ತು, ಕೆಳಗಿಂದ ಬಾವ "ಕ್ಲಚ್ ಒತ್ತೋ" ಅಂತ ಕಿರುಚಿದ್ದು ಕೇಳಿಸ್ತು, ಒತ್ತಿದೆ, ಧಡಾರ್ ಅಂತ ಬಿತ್ತು, ಸ್ಟೇರಿಂಗ್ ಗಿರ್ರನೆ ತಿರುಗಿ ಬಲಗೈ ಮಣಿಕಟ್ಟು ಮುರೀತು. ಗಾಡಿ ಜಾರಿ ಹಿಂದಿನ ಚಕ್ರ ದಾರಿ ಅಂಚಲ್ಲಿ ನಿಂತಿತ್ತು, ಅದರಾಚೆ ಇಪ್ಪತ್ತು ಅಡಿ ಕೆಳಗೆ ತೋಟದ ಕೆಲಸದವರ ಲೈನ್ ಮನೆ, ಒಳಗೆ ಮಕ್ಕಳಿದ್ರು.

ಆಮೇಲೆ ಮೆಕ್ಯಾನಿಕ್ ಹೇಳಿದ್ದು ಇದು. ಹಿಂದಿನ ಚಕ್ರ ಮುಂದೆ ಉರುಳೋಕೆ ಆಗದಿದ್ರೆ ಇಂಜಿನ್ ಗಾಡಿನೇ ಆ ಆಕ್ಸಲ್ ಸುತ್ತ ಹಿಂದಕ್ಕೆ ಎತ್ತುತ್ತೆ, ಮಗುಚೋಕೆ ಎರಡು ಸೆಕೆಂಡೂ ಬೇಡ. ಚೈನ್ ಆಕ್ಸಲ್‌ಗಿಂತ ಮೇಲಿದ್ರೆ ಇನ್ನೂ ಬೇಗ. ಆಕ್ಸಲ್‌ಗಿಂತ ಕೆಳಗಿರೋ ಡ್ರಾಬಾರ್‌ಗೆ (ಎಳೆಯೋಕೆ ಅಂತಲೇ ಇರೋ ಪಟ್ಟಿಗೆ) ಮಾತ್ರ ಕಟ್ಬೇಕು. ಹಿಂದೆ ತೂಕ ಹೆಚ್ಚಿಸಿದ್ರೆ ಮುಂದೆ ಬಂಪರಿಗೂ ವೇಟ್ ಹಾಕ್ಲೇಬೇಕು, ಇಲ್ಲಾಂದ್ರೆ ಸ್ಟೇರಿಂಗ್ ಮಾತು ಕೇಳಲ್ಲ. ಟೈರಿಗೆ ನೀರು ಮುಕ್ಕಾಲು ಭಾಗ ಸಾಕು, ವಾಲ್ವ್ ಮೇಲಕ್ಕೆ ಬರೋ ಹಾಗೆ ಚಕ್ರ ತಿರುಗಿಸಿ ಅಲ್ಲಿವರೆಗೆ ತುಂಬಿ, ಉಳಿದದ್ದು ಗಾಳಿ, ಪೂರ್ತಿ ತುಂಬಿದ್ರೆ ಟೈರ್ ಕಲ್ಲಿನ ಥರ ಆಗುತ್ತೆ. ನಮ್ಮ ಗಾಡಿ ರಿಮ್ ವಾಲ್ವ್ ಸುತ್ತ ಆಗಲೇ ತುಕ್ಕು ಹಿಡಿದಿದೆ, ಅದನ್ನೂ ನೋಡ್ಕೊಳ್ಳಿ.

ಇಳಿಜಾರಲ್ಲಿ ಆ ತೂಕನೇ ಹಿಂದಿಂದ ತಳ್ಳುತ್ತೆ. ಏರಿದ ಗೇರಲ್ಲೇ ಇಳಿಸಿ, ನ್ಯೂಟ್ರಲ್ ಬೇಡ್ವೇ ಬೇಡ, ಗದ್ದೆ ಕೆಲಸಕ್ಕೆ ಬಿಡಿಸಿದ್ದ ಎರಡು ಬ್ರೇಕ್ ಪೆಡಲ್‌ನ ಸೇರಿಸಿ ಲಾಕ್ ಹಾಕಿ, ಒಂದೇ ಕಡೆ ಬ್ರೇಕ್ ಹಿಡಿದ್ರೆ ಗಾಡಿ ಆ ಕಡೆಗೇ ತಿರುಗುತ್ತೆ.

ಆ ಸಿಲ್ವರ್ ಓಕ್‌ನ ಮಾರನೇ ದಿನ ಮೆಷಿನ್ ಗರಗಸದಲ್ಲಿ ಮೂರು ತುಂಡು ಮಾಡಿ ಬಾವ ಮತ್ತೆ ಮೂರು ಜನ ಕೈಯಲ್ಲೇ ಉರುಳಿಸಿದ್ರು. ಮುಕ್ಕಾಲು ಗಂಟೆ ಹಿಡೀತು ಅಷ್ಟೆ.