ಬೀದರಿನಿಂದ ಹ್ಯಾಂಬರ್ಗ್‌ಗೆ ಒಂದು ಪೆಟ್ಟಿಗೆ: ಸರಕು ಏಜೆಂಟರ ಸೇವೆ ಹೇಗಿತ್ತು

ಬಿದ್ರಿ ಹೂಜಿ, ತಟ್ಟೆಗಳನ್ನು ಇಷ್ಟು ವರ್ಷ ಹೈದರಾಬಾದಿನ ವ್ಯಾಪಾರಿಗಳಿಗೆ ಒಪ್ಪಿಸಿ ನಿಶ್ಚಿಂತರಾಗಿರುತ್ತಿದ್ದ ನಾವು, ಈ ಸಲ ಜರ್ಮನಿಯ ಗಿರಾಕಿಗೆ ನೇರವಾಗಿ ಹಡಗಿನಲ್ಲಿ ಕಳಿಸಿದೆವು. ಸಮುದ್ರದ ಗಾಳಿಯೂ ಬೀಸದ ಬೀದರಿನಲ್ಲಿ ಕುಳಿತು ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನ ಕೆಲಸ ಮಾಡಿಸಲು ಒಬ್ಬ ಸರಕು ಏಜೆಂಟರನ್ನು ಹಿಡಿಯಬೇಕಾಯಿತು.

ಮೊದಲು ಮೆಚ್ಚುಗೆಯ ಮಾತು. ಚೌಬಾರಾದ ಹತ್ತಿರದ ಬಡಗಿಯಿಂದ ಜಾಲಿ ಮರದ ಹಲಗೆಯ ಪೆಟ್ಟಿಗೆ ಮಾಡಿಸಿಟ್ಟಿದ್ದೆ. ಏಜೆಂಟರ ಗುಮಾಸ್ತ ಬಂದವನೇ ಅದನ್ನು ಬೇಡವೆಂದ. ಹೊರದೇಶಕ್ಕೆ ಹೋಗುವ ಕಟ್ಟಿಗೆಯ ಒಡಲಿಗೂ 56 ಡಿಗ್ರಿ ಶಾಖ ಎಡೆಬಿಡದೆ 30 ನಿಮಿಷ ತಗುಲಿರಬೇಕು, ತೆನೆಯ ಚಿಹ್ನೆಯ ಮೊಹರು ಬಿದ್ದಿರಬೇಕು, ಇಲ್ಲದಿದ್ದರೆ ಹುಳುವಿನ ಭಯದಿಂದ ಆ ದೇಶದವರು ತಡೆಯುತ್ತಾರೆ ಎಂದು ವಿವರಿಸಿ, ಈ ನಿಯಮ ಅನ್ವಯಿಸದ ಪ್ಲೈವುಡ್ ಪೆಟ್ಟಿಗೆಯನ್ನು ತರಿಸಿದ. ರಾತ್ರಿ ತಂಪಾದಾಗ ಕಂಟೇನರಿನ ಚಾವಣಿಯಿಂದ ಬೆವರಿನಂತೆ ನೀರು ತೊಟ್ಟಿಕ್ಕುವುದುಂಟೆಂದು ಹೇಳಿ, ಎಣ್ಣೆ ಸವರಿದ ಪ್ರತಿ ಹೂಜಿಯ ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನೂ ಇಡಿಸಿದ. ಬಿದ್ರಿಯಲ್ಲಿ ಸತುವೇ ಹೆಚ್ಚಾದ್ದರಿಂದ ತೇವ ತಗುಲಿದರೆ ಕಪ್ಪಿನ ಮೇಲೆ ಬಿಳಿ ಕಲೆ ಏಳುತ್ತದೆ. ಗಿರಾಕಿ ಕಳಿಸಿದ ಚಿತ್ರಗಳಲ್ಲಿ ಒಂದು ಕಲೆಯೂ ಇರಲಿಲ್ಲ.

ಸಾಗಣೆದಾರರು ಸರಕು ಪಡೆದು ಕೊಡುವ ಬಿಲ್ ಆಫ್ ಲೇಡಿಂಗ್ ಎಂಬ ಕಾಗದ ಏನೆಂದು ಕೇಳಿದಾಗ, "ಬರೀ ರಸೀದಿ ಅಲ್ರಿ ಅಣ್ಣಾ, ಮಾಲಿನ ಪಹಣಿ ಇದ್ದಂಗ. ಅಸಲು ಕಾಗದ ತೋರಿಸದೆ ಅಲ್ಲಿ ಮಾಲು ಬಿಡಂಗಿಲ್ರಿ" ಎಂದ. ಬೇರೆಯವರ ಸರಕಿನೊಡನೆ ಒಂದೇ ಕಂಟೇನರ್ ಹಂಚಿಕೊಳ್ಳುವ ಎಲ್.ಸಿ.ಎಲ್. ಪದ್ಧತಿಯಲ್ಲಿ ಟನ್ ಲೆಕ್ಕದ ತೂಕ ಮತ್ತು ಘನ ಮೀಟರ್ ಲೆಕ್ಕದ ಗಾತ್ರಗಳಲ್ಲಿ ಹೆಚ್ಚಿನದಕ್ಕೆ ಬಾಡಿಗೆ ಬೀಳುತ್ತದೆ. ನಮ್ಮ ಪೆಟ್ಟಿಗೆ 0.72 ಘನ ಮೀಟರ್ ಇದ್ದರೂ ಕನಿಷ್ಠ ಲೆಕ್ಕವೆಂದು 1ಕ್ಕೆ ಹಣ ತೆಗೆದುಕೊಂಡರು. ಇದನ್ನು ಮೊದಲೇ ಹೇಳಿದ್ದರಿಂದ ನನ್ನ ತಕರಾರಿಲ್ಲ.

ತಕರಾರಿರುವುದು ಹೇಳದೆ ಬಿಟ್ಟ ಒಂದು ವಿಷಯದ ಬಗ್ಗೆ. ನಾವು ಸಿ.ಐ.ಎಫ್. ಕರಾರಿನಲ್ಲಿ ಮಾರಿದ್ದೆವು, ಅಂದರೆ ಹ್ಯಾಂಬರ್ಗ್ ತನಕದ ಸಾಗಣೆ ಮತ್ತು ವಿಮೆ ನಮ್ಮದು. ಏಜೆಂಟರು ಹೇಳಿದ ಹಡಗಿನ ಬಾಡಿಗೆ ಎಷ್ಟು ಅಗ್ಗವಾಗಿತ್ತೆಂದರೆ, ನಾನು ಮರುಮಾತಿಲ್ಲದೆ ಒಪ್ಪಿದೆ. ಆದರೆ ಅಲ್ಲಿ ಕಂಟೇನರ್ ಬಿಚ್ಚಿ ಸರಕು ಬೇರ್ಪಡಿಸುವ, ಗೋದಾಮಿಗೆ ಸೇರಿಸುವ, ಬಿಡುಗಡೆ ಆದೇಶ ಕೊಡುವ ಖರ್ಚೆಲ್ಲ ಸೇರಿದ ಬಿಲ್ಲು ಗಿರಾಕಿಯ ಮೇಲೆ ಬಿತ್ತು, ಅದೂ ನಾವು ಕೊಟ್ಟ ಬಾಡಿಗೆಯ ಮೂರು ಪಟ್ಟು. ಎಲ್.ಸಿ.ಎಲ್.ನಲ್ಲಿ ಇತ್ತ ಬಾಡಿಗೆ ಇಳಿಸಿ ಅತ್ತ ವಸೂಲು ಮಾಡುವುದು ಹಳೆಯ ರೂಢಿಯಂತೆ. ಜಾಲಿ ಹಲಗೆಯನ್ನು ಕಂಡೊಡನೆ ಬೇಡವೆಂದ ಕಚೇರಿಗೆ ಇದು ಗೊತ್ತಿರಲಿಲ್ಲವೆಂದು ನಾನು ನಂಬಲಾರೆ. ಗಿರಾಕಿಯನ್ನು ಉಳಿಸಿಕೊಳ್ಳಲು ಅರ್ಧ ಬಿಲ್ಲನ್ನು ನಾವೇ ಹೊತ್ತೆವು.

ಪೆಟ್ಟಿಗೆ ಕಟ್ಟುವ ಕೆಲಸದಲ್ಲಿ ಇವರಷ್ಟು ನಿಗಾ ಉಳ್ಳವರನ್ನು ನಾನು ಕಂಡಿಲ್ಲವಾದ್ದರಿಂದ, ಎರಡನೆಯ ಸರಕನ್ನೂ ಇವರಿಗೇ ಕೊಡುವ ಮನಸ್ಸಿದೆ. ಹ್ಯಾಂಬರ್ಗಿನ ಖರ್ಚುಗಳನ್ನು ಯೂರೋದಲ್ಲಿ ಪಟ್ಟಿ ಮಾಡಿ ಸಹಿ ಹಾಕಿ ಕೊಡುವ ತನಕ ಬುಕಿಂಗ್ ಬೇಡವೆಂದು ಹೇಳಿದ್ದೇನೆ. ಎಂಟು ದಿನವಾಯಿತು, ಪಟ್ಟಿ ಇನ್ನೂ ಬಂದಿಲ್ಲ.